ಬೋರ್ಡು ನೋಡಿ ಬರ್ಕೊಳ್ಳಿ ಅಂದರೆ ಎಲ್ಲರಿಗೂ ಆಗುತ್ತದೆಯೇ?



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಹತ್ತನೇ ತರಗತಿಯ ಅಣ್ಣ ಒಬ್ಬರು ನಮ್ಮ ಶಾಲೆಯ ಫಲಿತಾಂಶ ಏಕೆ ಕಡಿಮೆ ಎಂಬ ವಿಷಯದ ಮೇಲೆ ಬರೆದಿದ್ದರು. ಲೇಖನ ಚೆನ್ನಾಗಿತ್ತು, ಅಕ್ಷರವೂ ಮುದ್ದಾಗಿತ್ತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದರು. ಒಬ್ಬರು ಇಬ್ಬರಿಗೋಸ್ಕರ ಇಡೀ ತರಗತಿ ನಿಲ್ಲಬಾರದು, ಕಣ್ಣು ಕಿವಿ ಸರಿ ಇಲ್ಲದವರಿಗೆ ಬೇರೆ ಶಾಲೆಗಳಿವೆ, ಅಲ್ಲಿಗೆ ಹೋದರೆ ಅವರಿಗೂ ಒಳ್ಳೆಯದು ನಮಗೂ ಒಳ್ಳೆಯದು ಎಂದು. ಆ ಅಣ್ಣ ಕೆಟ್ಟವರಲ್ಲ. ಕಬಡ್ಡಿಯಲ್ಲಿ ನನಗೆ ಕಾಲು ಉಳುಕಿದಾಗ ಮನೆ ತನಕ ಹೊತ್ತುಕೊಂಡು ಬಂದವರು. ಆದರೂ ಆ ಮಾತು ಒಪ್ಪಲು ಆಗಲಿಲ್ಲ. ಅದಕ್ಕೇ ಈ ಉತ್ತರ.

ನನ್ನ ಪಕ್ಕ ಕೂರುವ ಗೆಳೆಯನಿಗೆ ಮಂದದೃಷ್ಟಿ. ಹೆಸರು ಬರೆಯಬೇಡ, ವಿಷಯ ಬರಿ ಅಂದಿದ್ದಾನೆ. ಮಂದದೃಷ್ಟಿ ಅಂದರೆ ಪೂರ್ತಿ ಕುರುಡಲ್ಲ. ಅವನು ಒಬ್ಬನೇ ಹೊಲಕ್ಕೆ ಹೋಗುತ್ತಾನೆ, ಹಸು ಹೊಡೆದುಕೊಂಡು ಬರುತ್ತಾನೆ, ದೂರದಿಂದಲೇ ನಡಿಗೆ ನೋಡಿ ಯಾರು ಬರುತ್ತಿದ್ದಾರೆ ಅಂತ ಹೇಳುತ್ತಾನೆ. ಕನ್ನಡಕ ಹಾಕಿದರೂ ಅವನ ಕಣ್ಣು ಪೂರ್ತಿ ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದು ತುಂಬಾ ಜನಕ್ಕೆ ಅರ್ಥವಾಗುವುದಿಲ್ಲ. ‘ಹಸು ಕಾಣುತ್ತೆ, ಬೋರ್ಡು ಕಾಣಲ್ವಾ? ನಾಟಕ ಆಡ್ತಾನೆ’ ಎಂದು ನಾನೇ ಐದನೇ ತರಗತಿಯಲ್ಲಿ ಹೇಳಿದ್ದೆ. ಹಸು ದೊಡ್ಡದು. ಒತ್ತಕ್ಷರ ಸಣ್ಣದು.

ಒತ್ತಕ್ಷರದ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕನ್ನಡ ಅಕ್ಷರಗಳು ಗುಂಡಗೆ ಚೆಂದ, ಆದರೆ ಕಣ್ಣು ಮಂದವಾದವರಿಗೆ ಬಹಳ ಕಷ್ಟ. ಪ, ಷ, ಫ ಮೂರನ್ನೂ ಬೋರ್ಡಿನ ಮೇಲೆ ಬರೆದು ಹಿಂದಿನ ಗೋಡೆಗೆ ಒರಗಿ ಕಣ್ಣು ಅರ್ಧ ಮುಚ್ಚಿ ನೋಡಿ. ಒಳಗಿನ ಒಂದು ಸಣ್ಣ ಗೀಟಿನಲ್ಲಿ ಎಲ್ಲಾ ವ್ಯತ್ಯಾಸ ಇದೆ. ದ ಮತ್ತು ಧ ಒಂದು ಸೀಳಿನಲ್ಲಿ ಬೇರೆಯಾಗುತ್ತವೆ. ಒತ್ತಕ್ಷರವಂತೂ ಅಕ್ಷರದ ಕೆಳಗೆ ಇರುವೆ ಹಾಗೆ ಕೂತಿರುತ್ತದೆ. ಅದೂ ಡಸ್ಟರ್ ಇಲ್ಲದೆ ಅಂಗೈಯಲ್ಲಿ ಒರೆಸಿದ ಬೋರ್ಡು, ಬೂದಿ ಬಣ್ಣದ ಮೇಲೆ ಬಿಳಿ ಸೀಮೆಸುಣ್ಣ, ಬೆಳಿಗ್ಗೆ ಕಿಟಕಿಯಿಂದ ಬರುವ ಬಿಸಿಲು. ಮೊದಲ ಬೆಂಚಿನಲ್ಲಿ ಕೂರಿಸಿದರೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವನನ್ನು ಎರಡು ವರ್ಷ ಹಾಗೇ ಕೂರಿಸಿದ್ದರು. ಆ ಜಾಗದಲ್ಲಿ ಬಿಸಿಲು ಬೋರ್ಡಿನ ಮೇಲೆ ಬಿದ್ದು ಹೊಳೆಯುತ್ತದೆ, ಅವನಿಗೆ ಅಕ್ಷರಕ್ಕಿಂತ ಹೊಳಪೇ ಜಾಸ್ತಿ ಕಾಣುತ್ತದೆ. ಎಲ್ಲಿ ಕೂತರೆ ನಿನಗೆ ಕಾಣುತ್ತೆ ಎಂದು ಅವನನ್ನೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ಈಗ ಎರಡನೇ ಸಾಲಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾನೆ.

ನಮ್ಮಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ವಿವರಣೆ ಸ್ವಲ್ಪ, ಆಮೇಲೆ ಬೋರ್ಡು ತುಂಬಾ ಪ್ರಶ್ನೋತ್ತರ, ‘ಬೋರ್ಡು ನೋಡಿ ಬರ್ಕೊಳ್ಳಿ, ಮಾತಾಡಬೇಡಿ.’ ಆ ಹೊತ್ತು ನನ್ನ ಗೆಳೆಯ ಸುಮ್ಮನೆ ಕೂತಿರುತ್ತಾನೆ. ನಾನು ಬರೆದ ಮೇಲೆ ನನ್ನ ನೋಟ್ಸು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ ಹಾಗೆ ಹಿಡಿದು ಬರೆಯುತ್ತಾನೆ. ನಾನೇನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ಎರಡು ವರ್ಷ ಹೆಮ್ಮೆಪಟ್ಟುಕೊಂಡಿದ್ದೆ. ಈ ವರ್ಷ ಗಣಿತದಲ್ಲಿ ಸಿಲಿಂಡರಿನ ಘನಫಲ ಬಂತು. ಪೈ ಆರ್ ಸ್ಕ್ವೇರ್ ಎಚ್. ಅವಸರದಲ್ಲಿ ನಾನು ಆರ್ ತಲೆಯ ಮೇಲಿನ ಸಣ್ಣ 2 ಬಿಟ್ಟುಬಿಟ್ಟೆ. ಟೆಸ್ಟಿಗೆ ಮುಂಚೆ ನಾನು ಪಠ್ಯಪುಸ್ತಕ ನೋಡಿ ಸರಿಮಾಡಿಕೊಂಡೆ. ಅವನಿಗೆ ಹೇಳುವುದು ಮರೆತೆ. ಅವನು ನಾನು ಬರೆದ ಹಾಗೇ ಬಾಯಿಪಾಠ ಮಾಡಿ ಮೂರು ಲೆಕ್ಕವನ್ನೂ ತಪ್ಪು ಮಾಡಿದ. ಪೇಪರು ಕೊಡುವಾಗ ‘ಏನಪ್ಪಾ, ಕಣ್ಣು ಹೋದರೆ ತಲೆಯೂ ಹೋಯ್ತಾ’ ಎಂದು ಎಲ್ಲರ ಮುಂದೆ ಅನ್ನಿಸಿಕೊಂಡ. ಆ ತಪ್ಪು ನನ್ನದು ಎಂದು ಎದ್ದು ಹೇಳಲು ನನಗೆ ಧೈರ್ಯ ಬರಲಿಲ್ಲ. ಈಗ ಇಲ್ಲಿ ಹೇಳುತ್ತಿದ್ದೇನೆ.

ಸಂಜೆ ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಬೇರೆ ಮಾತು ಹೇಳಿದ. ‘ನೀನು ಬರೆದುಕೊಡ್ತೀಯ ಅಂತ ಗೊತ್ತಾದ ಮೇಲೆ ಸಾರು ನನ್ನ ಕಡೆ ನೋಡೋದೇ ಬಿಟ್ಟರು ಕಣೋ’ ಅಂದ. ಈ ಮಾತು ನನಗೆ ಬಹಳ ಚುಚ್ಚಿತು. ಪಕ್ಕದವನು ಸಹಾಯ ಮಾಡಬೇಕು, ನಿಜ. ಆದರೆ ಪಕ್ಕದವನೇ ಮೇಷ್ಟ್ರು ಆಗಿಬಿಟ್ಟರೆ ಆ ಹುಡುಗನಿಗೆ ಸಿಗುವುದು ಒಂಬತ್ತನೇ ತರಗತಿಯ ಹುಡುಗ ಹೇಳಿಕೊಟ್ಟಷ್ಟೇ ಪಾಠ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯಂತ್ರ, ಕಂಪ್ಯೂಟರು ಬೇಕಾ? ಇದ್ದರೆ ಒಳ್ಳೆಯದೇ. ಆದರೆ ನಾನು ಕಣ್ಣಾರೆ ಕಂಡಿದ್ದು ಅದಕ್ಕಿಂತ ಸಣ್ಣದು. ನಮ್ಮ ವಿಜ್ಞಾನದ ಟೀಚರ್ ಬೋರ್ಡಿನ ಮೇಲೆ ಬರೆಯುವಾಗ ಬರೆದಿದ್ದನ್ನೆಲ್ಲ ಬಾಯಲ್ಲೂ ಹೇಳುತ್ತಾರೆ. ‘ಇಲ್ಲಿ ಒಂದು ಬಾಣದ ಗುರುತು, ಎಡದಿಂದ ಬಲಕ್ಕೆ’ ಎಂದು ಚಿತ್ರವನ್ನೂ ಹೇಳುತ್ತಾರೆ. ಅವರ ಪೀರಿಯಡ್ಡಿನಲ್ಲಿ ನನ್ನ ಗೆಳೆಯ ನಮ್ಮ ಜೊತೆಯಲ್ಲೇ ಬರೆಯುತ್ತಾನೆ, ನನ್ನ ನೋಟ್ಸು ಕೇಳುವುದಿಲ್ಲ. ಇದರಿಂದ ಪಾಠ ನಿಧಾನವಾಯಿತೇ? ಇಲ್ಲ. ಹೇಗೂ ಬರೆಯುವ ಹೊತ್ತು ಅದೇ. ಹಿಂದಿನ ಬೆಂಚಿನಲ್ಲಿ ತಲೆಗಳ ಸಂದಿಯಲ್ಲಿ ನೋಡಿ ಬರೆಯುತ್ತಿದ್ದವರಿಗೂ ಸಲೀಸಾಯಿತು. ನನಗೂ ಕಾಗುಣಿತದ ತಪ್ಪು ಕಡಿಮೆಯಾಗಿದೆ.

ಆದರೆ ಇಷ್ಟಕ್ಕೇ ಮುಗಿಯಿತು ಎಂದು ತಿಳಿಯಬೇಡಿ. ಏಳನೇ ತರಗತಿಯಲ್ಲಿ ನಮ್ಮ ಬೀದಿಯ ಹುಡುಗಿ ಒಬ್ಬಳಿದ್ದಾಳೆ, ಕಿವಿಗೆ ಮೆಷಿನ್ ಹಾಕುತ್ತಾಳೆ. ನಾನು ಟೀಚರ್ ಬಗ್ಗೆ ಹೊಗಳಿ ಹೇಳುತ್ತಿದ್ದಾಗ ಅವಳು ತಲೆ ಆಡಿಸಿದಳು. ಬೋರ್ಡಿನ ಕಡೆ ಮುಖ ಮಾಡಿಕೊಂಡು ಮಾತಾಡಿದರೆ ಅವಳಿಗೆ ಏನೂ ಸಿಗುವುದಿಲ್ಲವಂತೆ. ಅವಳು ಅರ್ಧ ಕಿವಿಯಲ್ಲಿ, ಅರ್ಧ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಅಂದರೆ ನನ್ನ ಗೆಳೆಯನಿಗೆ ಅನುಕೂಲವಾಗಿದ್ದೇ ಅವಳಿಗೆ ಅನಾನುಕೂಲ. ನೋಡಿ, ಇಬ್ಬರನ್ನೂ ‘ಅಂಗವಿಕಲರು’ ಎಂದು ಒಂದೇ ಪಟ್ಟಿಯಲ್ಲಿ ಬರೆದುಬಿಡುತ್ತೇವೆ, ಆದರೆ ಇಬ್ಬರಿಗೂ ಬೇಕಾಗಿರುವುದು ಬೇರೆ ಬೇರೆ. ಟೀಚರಿಗೆ ಹೋಗಿ ಹೇಳಿದೆವು. ಅವರು ಒಂದು ಸಾಲು ಬರೆಯುತ್ತಾ ಹೇಳಿ, ಆಮೇಲೆ ತಿರುಗಿ ನಿಂತು ಇನ್ನೊಂದು ಸಲ ಹೇಳುತ್ತಾರೆ. ಏಳನೇ ತರಗತಿಯಲ್ಲೂ ಹಾಗೇ ಶುರುಮಾಡಿದ್ದಾರೆ. ಎರಡು ಸಲ ಕೇಳಿದ್ದರಿಂದ ಯಾರಿಗೂ ನಷ್ಟವಾಗಿಲ್ಲ.

ತುಟಿ ನೋಡಿ ತಿಳಿಯುವುದು ಎಷ್ಟು ಕಷ್ಟ ಗೊತ್ತಾ? ನಾವು ಊಟದ ಬಿಡುವಿನಲ್ಲಿ ಆಟ ಆಡಿ ನೋಡಿದೆವು. ನೀವೂ ಆಡಿ. ಧ್ವನಿ ತೆಗೆಯದೆ ತುಟಿ ಮಾತ್ರ ಆಡಿಸಿ ಪರ, ಬರ, ಮರ ಅನ್ನಿ. ಎದುರಿಗಿದ್ದವರು ಯಾವುದು ಎಂದು ಹೇಳಲಿ. ಆಗುವುದೇ ಇಲ್ಲ! ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಅಂತೂ ಗಂಟಲಿನ ಹತ್ತಿರ ಹುಟ್ಟುವುದರಿಂದ ಕಾಣುವುದೇ ಇಲ್ಲ. ‘ಮರ ಬಂತು’ ಅಂದರೋ ‘ಬರ ಬಂತು’ ಅಂದರೋ, ಆ ಹುಡುಗಿ ಮುಂದಿನ ಹಿಂದಿನ ಮಾತು ಸೇರಿಸಿ ಊಹೆ ಮಾಡಬೇಕು. ಅದಕ್ಕೇ ಪಾಠದ ಹೊಸ ಪದಗಳನ್ನು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಅವಳಿಗೆ ಊಹೆ ಸುಲಭ. ಇನ್ನು ಕಿವಿ ಮೆಷಿನ್. ಅದು ಮೇಷ್ಟ್ರ ಮಾತನ್ನು ಮಾತ್ರ ಆರಿಸಿ ದೊಡ್ಡದು ಮಾಡುವುದಿಲ್ಲ, ಬೆಂಚು ಎಳೆಯುವ ಸದ್ದು, ಫ್ಯಾನಿನ ಸದ್ದು, ಪಕ್ಕದ ತರಗತಿಯ ಮಗ್ಗಿ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಮಳೆಗಾಲದಲ್ಲಿ ನಮ್ಮ ಶೀಟಿನ ಮೇಲೆ ಮಳೆ ಹೊಯ್ದಾಗ ನಾವು ‘ಸಾರ್ ಕೇಳಿಸ್ತಿಲ್ಲ’ ಎಂದು ಕೂಗುತ್ತೇವಲ್ಲ, ಅವಳಿಗೆ ಹೆಚ್ಚು ಕಡಿಮೆ ವರ್ಷಪೂರ್ತಿ ಹಾಗೆ. ಅವಳು ಕೂಗುವುದಿಲ್ಲ ಅಷ್ಟೆ.

ಇನ್ನೊಬ್ಬ ಇದ್ದಾನೆ. ಅವನಿಗೆ ಕಣ್ಣೂ ಸರಿ, ಕಿವಿಯೂ ಸರಿ. ಓದಲು ಮಾತ್ರ ಬರುವುದಿಲ್ಲ. ‘ದಡ್ಡ’ ಅನ್ನುವುದು ಅವನಿಗೆ ಹೆಸರೇ ಆಗಿಹೋಗಿದೆ. ಸಂತೆಯಲ್ಲಿ ಅವರಪ್ಪನ ಜೊತೆ ಕೂತು ಟೊಮೊಟೊ ಮಾರುವಾಗ ನೋಡಬೇಕು, ಎರಡೂಮುಕ್ಕಾಲು ಕೆ.ಜಿ.ಗೆ ಎಷ್ಟು ಅಂದರೆ ತಕ್ಕಡಿ ಇಳಿಸುವುದರೊಳಗೆ ಹೇಳುತ್ತಾನೆ. ಅದೇ ಲೆಕ್ಕವನ್ನು ವಾಕ್ಯದಲ್ಲಿ ಬರೆದುಕೊಟ್ಟರೆ ಸೊನ್ನೆ. ಅಕ್ಷರಗಳು ಅದಲು ಬದಲಾಗಿ ಕಾಣುತ್ತವೆ, ಸಾಲು ತಪ್ಪಿಹೋಗುತ್ತದೆ ಅನ್ನುತ್ತಾನೆ. ಬಿ.ಆರ್.ಸಿ.ಯಿಂದ ಬರುವ ಸಮನ್ವಯ ಶಿಕ್ಷಣದ ಮೇಡಂ ಹೇಳಿದರು, ಇದಕ್ಕೆ ಕಲಿಕಾ ನ್ಯೂನತೆ ಅನ್ನುತ್ತಾರಂತೆ. ಬುದ್ಧಿ ಕಡಿಮೆ ಅಂತ ಅಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇದ್ದವು, 2016ರ ಹೊಸ ಕಾಯ್ದೆಯಲ್ಲಿ 21 ಆದವು, ಅದರಲ್ಲಿ ಇದೂ ಒಂದು. ಇವನಿಗೆ ಪ್ರಶ್ನೆಯನ್ನು ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳಿದರೆ ಅವನು ಎಷ್ಟು ಕಲಿತಿದ್ದಾನೆ ಎಂದು ಗೊತ್ತಾಗುತ್ತದೆ. ಬರೆಸಿದರೆ ಅವನಿಗೆ ಬರೆಯಲು ಬರುವುದಿಲ್ಲ ಎಂಬುದೊಂದೇ ಗೊತ್ತಾಗುತ್ತದೆ, ಅದು ಆಗಲೇ ಎಲ್ಲರಿಗೂ ಗೊತ್ತು.

ಈ ಹುಡುಗ ನಮ್ಮ ಜೊತೆ ಒಂದನೇ ತರಗತಿಯಿಂದ ಇದ್ದಾನೆ. ಆಗ ಅವನನ್ನು ಯಾರೂ ದಡ್ಡ ಅನ್ನುತ್ತಿರಲಿಲ್ಲ. ಯಾಕೆ ಎಂದು ಯೋಚಿಸಿದೆ. ಆಗ ನಮಗೆ ನಲಿ-ಕಲಿ ಇತ್ತು. ನಿಮಗೆಲ್ಲ ನೆನಪಿದೆಯಲ್ಲ? ನೆಲದ ಮೇಲೆ ದುಂಡಗೆ ಕೂತು, ಕಾರ್ಡು ತೆಗೆದುಕೊಂಡು, ತಲೆ ಮೇಲೆ ದಾರದ ಚಪ್ಪರದಲ್ಲಿ ನಾವು ಮಾಡಿದ ಚಿತ್ರ ನೇತಾಡುತ್ತಿತ್ತು. ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿಯೊಬ್ಬರೂ ತಮ್ಮ ಮೆಟ್ಟಿಲಲ್ಲಿ. ಒಂದು ಗುಂಪಿಗೆ ಟೀಚರ್ ಪೂರ್ತಿ ಹೇಳಿಕೊಡುತ್ತಿದ್ದರು, ಇನ್ನೊಂದಕ್ಕೆ ಗೆಳೆಯರು, ಮತ್ತೊಂದು ಗುಂಪು ತಾನೇ ಕಲಿಯುತ್ತಿತ್ತು. ಜ್ವರ ಬಂದು, ಜಾತ್ರೆಗೆ ಹೋಗಿ ಹದಿನೈದು ದಿನ ತಪ್ಪಿಸಿಕೊಂಡರೂ ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಇದು ಎಲ್ಲೋ ವಿದೇಶದಿಂದ ಬಂದಿದ್ದಲ್ಲ. ಆಂಧ್ರದ ರಿಷಿವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ವಿಧಾನವನ್ನು ನೋಡಿಬಂದು, ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳೇ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುಮಾಡಿದ್ದು. ಕಾರ್ಡುಗಳನ್ನೂ ಮೇಷ್ಟ್ರುಗಳೇ ಕೂತು ಬರೆದರು. 2009-10ರಲ್ಲಿ ಅದು ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ನಲಿ-ಕಲಿಯಲ್ಲಿ ಕಷ್ಟ ಇಲ್ಲ ಅಂತಲ್ಲ. ಮೂರು ತರಗತಿಗೆ ಒಬ್ಬರೇ ಟೀಚರ್ ಇದ್ದರು, ಅವರು ಹಾಲು ಕಾಯಿಸುವುದು ನೋಡಬೇಕು, ಲೆಕ್ಕ ಬರೆಯಬೇಕು, ಅಳುವವರನ್ನು ಸಮಾಧಾನ ಮಾಡಬೇಕು. ಕಾರ್ಡುಗಳು ಹರಿದಿದ್ದವು. ಕೆಲವರು ಕೆಳಗಿನ ಮೆಟ್ಟಿಲಲ್ಲೇ ಉಳಿದುಹೋದರು, ಯಾರೂ ಗಮನಿಸಲಿಲ್ಲ. ಚಿತ್ರದ ಕಾರ್ಡು ನನ್ನ ಗೆಳೆಯನಿಗೆ ಅರ್ಧಂಬರ್ಧ ಕಾಣುತ್ತಿತ್ತು. ಆದರೂ ಒಂದು ವಿಷಯ ಅಲ್ಲಿ ಸರಿ ಇತ್ತು. ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿ ಇರಬೇಕು ಎಂಬ ಹಟ ಇರಲಿಲ್ಲ. ಮುಂದಿನ ತರಗತಿಗಳಿಗೆ ಬಂದ ಮೇಲೆ ಬೆಂಚು ಬಂತು, ಸಾಲು ಬಂತು, ‘47ನೇ ಪುಟ ತೆಗೀರಿ’ ಬಂತು. ಅವತ್ತಿನಿಂದ ಅವನು ದಡ್ಡ ಆದ.

ಈಗ ಬೇರೆ ಶಾಲೆಗಳ ಮಾತು. ಅವು ಬೇಡ ಎಂದು ನಾನು ಹೇಳುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಸಂಗೀತ ಕಲಿತು ತಮ್ಮ ಕಾಲ ಮೇಲೆ ನಿಂತಿದ್ದಾರೆ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಪೂರ್ತಿ ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸುವವರು ಬೇಕು, ಮಾತೇ ಕೇಳದ ಮಗುವಿಗೆ ಸಂಜ್ಞಾ ಭಾಷೆ ಬಲ್ಲವರು ಮತ್ತು ಆ ಭಾಷೆಯಲ್ಲಿ ಹರಟೆ ಹೊಡೆಯಲು ಗೆಳೆಯರು ಬೇಕು. ನಮ್ಮ ಊರಿನಲ್ಲಿ ಅದು ಇಲ್ಲ. ಹಾಗಾಗಿ ಕೆಲವರಿಗೆ ಅಂಥ ಶಾಲೆಯೇ ಸರಿ ಇರಬಹುದು. ಆದರೆ ಅದನ್ನು ತೀರ್ಮಾನ ಮಾಡುವವರು ಯಾರು? 2016ರ ಕಾಯ್ದೆ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ, ಆಯ್ಕೆ ಆ ಮಗುವಿನದು. ಕಬಡ್ಡಿ ಕ್ಯಾಪ್ಟನ್ನರದ್ದಲ್ಲ. (ಅಣ್ಣ ಬೇಜಾರು ಮಾಡಿಕೊಳ್ಳಬಾರದು.)

ಬ್ರೈಲ್ ಅಂದೆನಲ್ಲ, ಅದರ ಕಥೆ ನಮ್ಮ ವಯಸ್ಸಿನವರಿಗೆ ಇಷ್ಟವಾಗುವಂಥದ್ದು. ಫ್ರಾನ್ಸಿನ ಲೂಯಿ ಬ್ರೈಲ್ 3ನೇ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ದಬ್ಬಳ ತಾಗಿ ಕಣ್ಣು ಕಳೆದುಕೊಂಡ. ಪ್ಯಾರಿಸ್ಸಿನ ಕುರುಡರ ಶಾಲೆಯಲ್ಲಿ ಆಗ ಪುಸ್ತಕ ಇದ್ದವು, ಆದರೆ ಕಣ್ಣಿರುವವರ ಅಕ್ಷರವನ್ನೇ ಉಬ್ಬಿಸಿ ಮಾಡಿದ್ದವು. ನೋಡುವವರಿಗೆ ಚೆಂದ, ಬೆರಳಿಗೆ ಬಹಳ ನಿಧಾನ. ಲೂಯಿ ತನ್ನ 15ನೇ ವಯಸ್ಸಿನಲ್ಲಿ, 1824ರಲ್ಲಿ, ಬೆರಳಿಗೆ ಬೇಕಾದ ಲಿಪಿ ಮಾಡಿದ. 6 ಚುಕ್ಕೆ, ಅದರಿಂದ 63 ಆಕಾರ. ಆ ಶಾಲೆ ಅದನ್ನು ಒಪ್ಪಿದ್ದು 1854ರಲ್ಲಿ, ಅವನು ಸತ್ತು ಎರಡು ವರ್ಷವಾದ ಮೇಲೆ! ಕಲಿಸುವವರಿಗೆ ತಮ್ಮ ಕಣ್ಣಿಗೆ ಓದಲು ಬಾರದ ಲಿಪಿ ಇಷ್ಟವಾಗಲಿಲ್ಲ. ಕನ್ನಡಕ್ಕೂ ಬ್ರೈಲ್ ಇದೆ, 1951ರಲ್ಲಿ ಭಾರತದ ಎಲ್ಲಾ ಭಾಷೆಗೂ ಸೇರಿ ಭಾರತಿ ಬ್ರೈಲ್ ಆಯಿತು. ಅದರಲ್ಲಿ ಕನ್ನಡದ ಕ, ಹಿಂದಿಯ ಕ ಎರಡೂ ಒಂದೇ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಸಾಲಿನಲ್ಲೇ ಬರುತ್ತದೆ. ಇದನ್ನು ಹೇಳಿದಾಗ ನನ್ನ ಗೆಳೆಯ ನಕ್ಕು, ‘ಅದೇ ಒಳ್ಳೇದಲ್ವೇನೋ’ ಅಂದ. ಅವನಿಗೆ ಬ್ರೈಲ್ ಬೇಕಿಲ್ಲ, ದಪ್ಪ ಅಕ್ಷರ ಸಾಕು.

ಪೋರ್ಷನ್ ಮುಗಿಯಬೇಕಲ್ಲ ಎಂದು ಗುರುಗಳು ಕೇಳಬಹುದು. ಅವರ ಕಷ್ಟ ನಿಜ. ಒಬ್ಬರೇ ಎರಡು ವಿಷಯ ತೆಗೆದುಕೊಳ್ಳುವವರಿದ್ದಾರೆ, ಜನಗಣತಿ, ಚುನಾವಣೆ ಎಂದು ಹೋಗಬೇಕು. ಅದಕ್ಕೆ ನಾವೂ ಸ್ವಲ್ಪ ಮಾಡಿದ್ದೇವೆ. ಭಾನುವಾರ ಮೂವರು ಸೇರಿ ರಟ್ಟಿನ ಮೇಲೆ ಗೋಂದು ಹಾಕಿ ದಾರ ಅಂಟಿಸಿ ತ್ರಿಭುಜ, ಸಮಾಂತರ ರೇಖೆ ಮಾಡಿದೆವು. ಕೋನ ಇರುವ ಕಡೆ ರಾಗಿ ಕಾಳು. ನನ್ನ ಗೆಳೆಯ ಬೆರಳಲ್ಲಿ ಮುಟ್ಟಿ ಪರ್ಯಾಯ ಕೋನ ಯಾವುದು ಎಂದು ಥಟ್ಟನೆ ಹೇಳಿದ. ಓದಲು ಬಾರದ ನಮ್ಮ ಟೊಮೊಟೊ ಗೆಳೆಯನೂ ಹೇಳಿದ. ಈಗ ಆ ರಟ್ಟು ತರಗತಿಯಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತಿದೆ, ರಾಗಿ ಅರ್ಧ ಉದುರಿದೆ. ನೋಟ್ಸನ್ನು ಒಬ್ಬರೇ ಬರೆದುಕೊಡುವ ಬದಲು ವಾರಕ್ಕೊಬ್ಬರು ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಸಾಲು ಬಿಟ್ಟು ಸಾಲು, ದಪ್ಪಗೆ ಬರೆಯುತ್ತಿದ್ದೇವೆ. ಗುರುಗಳು ಅದರ ಮೇಲೆ ಒಮ್ಮೆ ಕಣ್ಣಾಡಿಸಿ ತಪ್ಪು ತಿದ್ದಿದರೆ ನನ್ನ ಸಿಲಿಂಡರಿನ ಕಥೆ ಮತ್ತೆ ಆಗುವುದಿಲ್ಲ.

ಆದರೆ ನಮ್ಮ ಕೈಯಲ್ಲಿ ಆಗದ ಕೆಲಸ ಒಂದಿದೆ. ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಅಂಗವೈಕಲ್ಯ ಇರುವವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಲಿಪಿಕಾರರನ್ನು ತೆಗೆದುಕೊಳ್ಳಲು, ಹೆಚ್ಚಿನ ಸಮಯ ಪಡೆಯಲು ಅವಕಾಶ ಇದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಅರ್ಹರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿದೆ, ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಆದರೆ ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಶಾಲೆಯಿಂದ ಮೊದಲೇ ಅರ್ಜಿ ಹೋಗಬೇಕು. ನನ್ನ ಗೆಳೆಯನ ಹತ್ತಿರ ಆ ಪತ್ರ ಇಲ್ಲ. ಅವರ ಅಮ್ಮನಿಗೆ ಇಂಥದ್ದೊಂದು ಇದೆ ಅನ್ನುವುದೇ ಗೊತ್ತಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಹೋದರೆ ಅವತ್ತು ಕಣ್ಣಿನ ಡಾಕ್ಟರು ಇರುತ್ತಾರೋ ಇಲ್ಲವೋ ಎಂಬ ಚಿಂತೆ. ಓದುವ ಕಷ್ಟ ಇರುವ ಹುಡುಗನ ಮನೆಯವರಂತೂ ಪತ್ರ ಮಾಡಿಸಿದರೆ ‘ಹುಚ್ಚ ಅಂತ ಬರೀತಾರೆ’ ಎಂದು ಹೆದರಿದ್ದಾರೆ. ಹಾಗೆ ಬರೆಯುವುದಿಲ್ಲ ಎಂದು ಗುರುಗಳೇ ಮನೆಗೆ ಹೋಗಿ ಹೇಳಬೇಕು. ನಾವು ಹೇಳಿದರೆ ನಂಬುವುದಿಲ್ಲ. ಇದನ್ನು ಹತ್ತನೇ ತರಗತಿ ಶುರುವಾದ ಮೇಲೆ ನೋಡೋಣ ಅಂದರೆ ತಡವಾಗಬಹುದು.

ಕೊನೆಗೆ ನಮ್ಮ ಈ ಗೋಡೆ ಪತ್ರಿಕೆಯ ವಿಷಯ. ಎರಡು ವರ್ಷದಿಂದ ನಾನು ಇದರಲ್ಲಿ ಬರೆಯುತ್ತಿದ್ದೇನೆ. ನನ್ನ ಗೆಳೆಯ ಒಂದು ಸಂಚಿಕೆಯನ್ನೂ ಓದಿಲ್ಲ ಎಂದು ನನಗೆ ಹೋದ ವಾರ ಗೊತ್ತಾಯಿತು. ಹೋದ ತಿಂಗಳ ಆ ಲೇಖನವನ್ನು ಬೇರೆ ಯಾರೋ ಓದಿ ಹೇಳಿದ್ದಕ್ಕೆ ಅವನಿಗೆ ತಿಳಿದಿದ್ದು. ಪತ್ರಿಕೆಯನ್ನು ಮುಖ್ಯ ಗುರುಗಳ ಕೊಠಡಿಯ ಪಕ್ಕ ಎತ್ತರದಲ್ಲಿ ಹಾಕುತ್ತೇವೆ, ನೀಲಿ ಇಂಕಿನಲ್ಲಿ ಸಣ್ಣಗೆ ಬರೆಯುತ್ತೇವೆ, ಸುತ್ತಲೂ ಬಣ್ಣದ ಬಳ್ಳಿ ಬಿಡಿಸುತ್ತೇವೆ. ಸಂಪಾದಕ ಮಂಡಳಿಯನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಈ ಲೇಖನವನ್ನು ಕಪ್ಪು ಪೆನ್ನಿನಲ್ಲಿ ದಪ್ಪಗೆ ಬರೆದು, ಹೊರಗಿನ ಜಗಲಿಯ ಗೋಡೆಯ ಮೇಲೆ ಎದೆಯ ಮಟ್ಟಕ್ಕೆ ಅಂಟಿಸಿದ್ದೇವೆ. ಹಾಳೆ ನಾಲ್ಕರ ಬದಲು ಒಂಬತ್ತಾಯಿತು, ಬಳ್ಳಿ ಬಿಡಿಸಲು ಜಾಗ ಉಳಿಯಲಿಲ್ಲ. ಶನಿವಾರ ಪ್ರಾರ್ಥನೆ ಆದ ಮೇಲೆ ಇದನ್ನು ಜೋರಾಗಿ ಓದುತ್ತೇವೆ. ಯಾರು ಓದಬೇಕು ಎಂದು ಚರ್ಚೆ ನಡೆಯಿತು. ಏಳನೇ ತರಗತಿಯ ಆ ಹುಡುಗಿಗೆ ತುಟಿ ಕಾಣಬೇಕು, ಹಾಗಾಗಿ ಕಂಬದ ಮರೆಯಲ್ಲಿ ನಿಲ್ಲದೆ ಮೆಟ್ಟಿಲ ಮೇಲೆ ನಿಂತು, ಪುಸ್ತಕ ಮುಖಕ್ಕೆ ಅಡ್ಡ ಹಿಡಿಯದೆ ಓದುವವರು ಬೇಕು. ಹತ್ತನೇ ತರಗತಿಯ ಅಣ್ಣನ ಧ್ವನಿ ಎಲ್ಲರಿಗಿಂತ ದೊಡ್ಡದು. ಅವರನ್ನೇ ಕೇಳಿದ್ದೇವೆ, ನಾಳೆ ಹೇಳ್ತೀನಿ ಅಂದಿದ್ದಾರೆ.

– ಒಂಬತ್ತನೇ ತರಗತಿಯ ವಿದ್ಯಾರ್ಥಿ